ಐದನೆಯ ಅಕ್ಷರಕ್ಕೆ ಜಾರುವ ಮಾತು: ಮೃದು ಅಂಗುಳದ ದೋಷಗಳು, ಸಹಾಯಕ ಸಾಧನಗಳು ಮತ್ತು ತರಗತಿಯ ಶಿಕ್ಷಕರು

ಅಭ್ಯಾಸ ಬೋಧನೆಯ ಅವಧಿಯಲ್ಲಿ ಒಮ್ಮೆ ಸರ್ಕಾರಿ ಶಾಲೆಯೊಂದರ ನಾಲ್ಕನೆಯ ತರಗತಿಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರ ಕನ್ನಡ ಪಾಠವನ್ನು ವೀಕ್ಷಿಸುತ್ತಿದ್ದೆ. ಗಟ್ಟಿ ಓದಿನ ಹಂತ. ಮಕ್ಕಳು ಸರದಿಯಂತೆ ಎದ್ದು ಎರಡೆರಡು ವಾಕ್ಯ ಓದುತ್ತಿದ್ದರು. ಕಿಟಕಿಯ ಪಕ್ಕದ ಹುಡುಗನ ಸರದಿ ಬಂತು. ಅವನ ಬಾಯಲ್ಲಿ 'ಬಾಳೆ' ಎಂಬುದು 'ಮಾಳೆ' ಎಂದು ಕೇಳಿಸಿತು. 'ಕಾಗೆ' ಎಂಬಲ್ಲಿ ಕಕಾರವೂ ಇಲ್ಲ, ಗಕಾರವೂ ಇಲ್ಲ. ಗಂಟಲಲ್ಲಿ ಏನೋ ತಡೆದಂತಾಗಿ ಬರೀ ಸ್ವರ ಹೊರಬಂತು. ಹಿಂದಿನ ಸಾಲಿನವರು ನಕ್ಕರು. ಹುಡುಗ ಪುಸ್ತಕದಿಂದ ತಲೆ ಎತ್ತಲಿಲ್ಲ.

ಪ್ರಶಿಕ್ಷಣಾರ್ಥಿ ಗದರಲಿಲ್ಲ. ಕಪ್ಪುಹಲಗೆಯ ಮೇಲೆ 'ಬ' ಬರೆದು ಹತ್ತು ಸಲ ಹೇಳಿಸಿದರು. ಹತ್ತು ಸಲವೂ 'ಮ' ಬಂತು. ಪಾಠ ಮುಗಿದ ಮೇಲೆ, "ಮೇಡಂ, ದಿನಾ ಹತ್ತು ನಿಮಿಷ ಹೇಳಿಸಿದರೆ ಬಂದೇ ಬರುತ್ತೆ ಅಲ್ವಾ?" ಎಂದು ಕೇಳಿದರು. ಮರುದಿನದ ಪಾಠಯೋಜನೆಯಲ್ಲಿ ಪರಿಹಾರ ಬೋಧನೆಯ ಅಡಿಯಲ್ಲಿ 'ಪೀಪಿ ಊದಿಸುವುದು, ಬಲೂನು ಊದಿಸುವುದು, ಬಕಾರದ ಪದಗಳ ಪುನರಾವರ್ತನೆ' ಎಂದು ಬರೆದಿದ್ದರು. ನಾನು ಅದಕ್ಕೆ ಸಹಿ ಹಾಕಿದೆ.

ಆ ಸಹಿ ತಪ್ಪಾಗಿತ್ತು. ಯಾಕೆ ತಪ್ಪು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ಆ ಹುಡುಗನ ತೊಂದರೆ ಇದ್ದುದು ಅಭ್ಯಾಸದ ಕೊರತೆಯಲ್ಲಲ್ಲ, ಅಂಗುಳದಲ್ಲಿ. ಅಂಥ ಮಕ್ಕಳ ಮಾತಿಗೆ ನೆರವಾಗುವ ಸಾಧನಗಳಿವೆ. ಅವು ಯಾವುವು, ಯಾರಿಗೆ ಒದಗುತ್ತವೆ, ಯಾವ ಕೆಲಸವನ್ನು ಮಾಡುತ್ತವೆ, ಯಾವುದನ್ನು ಮಾಡುವುದಿಲ್ಲ ಎಂಬುದು ತರಗತಿಗೆ ಹೋಗುವ ಪ್ರತಿಯೊಬ್ಬರಿಗೂ ತಿಳಿದಿರಬೇಕು.

ಬಾಯಿಗೂ ಮೂಗಿಗೂ ನಡುವಿನ ಬಾಗಿಲು

ನಾಲಗೆಯ ತುದಿಯನ್ನು ಮೇಲಿನ ಹಲ್ಲುಗಳ ಹಿಂದಿನಿಂದ ಅಂಗುಳದ ಮೇಲೆ ಹಿಂದಕ್ಕೆ ಎಳೆದುಕೊಂಡು ಹೋಗಿ. ಮುಂಭಾಗ ಗಟ್ಟಿಯಾಗಿದೆ, ಒಳಗೆ ಮೂಳೆಯಿದೆ. ಹಿಂದೆ ಹೋದಂತೆ ಮೆತ್ತಗಾಗುತ್ತದೆ. ಮೂಳೆಯಿಲ್ಲದ, ಸ್ನಾಯುಗಳಿಂದಾದ ಈ ಹಿಂಭಾಗವೇ ಮೃದು ಅಂಗುಳ. ಅದರ ತುದಿಯಲ್ಲಿ ಕಿರುನಾಲಗೆ ತೂಗುತ್ತದೆ.

ಉಸಿರಾಡುವಾಗ ಮೃದು ಅಂಗುಳ ಕೆಳಗೆ ಇಳಿದಿರುತ್ತದೆ. ಮೂಗಿನ ಗಾಳಿ ಗಂಟಲಿಗೆ ಸಲೀಸಾಗಿ ಹೋಗುತ್ತದೆ. ನುಂಗುವಾಗ ಮತ್ತು ಮಾತಾಡುವಾಗ ಅದು ಮೇಲಕ್ಕೂ ಹಿಂದಕ್ಕೂ ಸರಿದು ಗಂಟಲಿನ ಹಿಂಗೋಡೆಯನ್ನು ಮುಟ್ಟುತ್ತದೆ. ಗಂಟಲಿನ ಪಕ್ಕದ ಗೋಡೆಗಳೂ ಒಳಕ್ಕೆ ಬಂದು ಸೇರುತ್ತವೆ. ಮೂಗಿನ ದಾರಿ ಮುಚ್ಚುತ್ತದೆ. ಈ ಮುಚ್ಚುವಿಕೆ ನಡೆಯುವ ಜಾಗ ಬಾಯಿಯೊಳಗೆ ಇಣುಕಿದರೆ ಕಾಣುವುದಿಲ್ಲ. ಅದು ಅಂಗುಳದ ಹಿಂದೆ, ಮೇಲಿದೆ. ಹಾಗಾಗಿ ಮಗುವಿನ ಬಾಯಿ ತೆರೆಸಿ ನೋಡಿ 'ಎಲ್ಲಾ ಸರಿಯಾಗಿದೆ' ಎಂದು ನಾವು ಹೇಳುವಂತಿಲ್ಲ.

ಮಾತಿನಲ್ಲಿ ಈ ಬಾಗಿಲಿನ ಕೆಲಸವನ್ನು ತಿಳಿಯಲು ಕನ್ನಡ ಶಿಕ್ಷಕರು ಹೊಸದೇನನ್ನೂ ಕಲಿಯಬೇಕಿಲ್ಲ. ವರ್ಗೀಯ ವ್ಯಂಜನಗಳ ಪಟ್ಟಿಯನ್ನು ನೆನಪಿಸಿಕೊಂಡರೆ ಸಾಕು. ಕ ಖ ಗ ಘ ಙ, ಚ ಛ ಜ ಝ ಞ, ಟ ಠ ಡ ಢ ಣ, ತ ಥ ದ ಧ ನ, ಪ ಫ ಬ ಭ ಮ. ಪ್ರತಿ ಸಾಲಿನ ಮೊದಲ ನಾಲ್ಕು ಅಕ್ಷರಗಳಿಗೆ ಮೂಗಿನ ಬಾಗಿಲು ಮುಚ್ಚಬೇಕು, ಐದನೆಯದಕ್ಕೆ ತೆರೆಯಬೇಕು. 'ಬ' ಮತ್ತು 'ಮ' ಎರಡಕ್ಕೂ ತುಟಿಗಳ ಕೆಲಸ ಒಂದೇ. ವ್ಯತ್ಯಾಸವಿರುವುದು ಅಂಗುಳದಲ್ಲಿ. ಮೂಗಿನ ಕೆಳಗೆ ಚಿಕ್ಕ ಕನ್ನಡಿ ಹಿಡಿದು 'ಬಾ ಬಾ ಬಾ' ಎನ್ನಿ, ಕನ್ನಡಿ ಮಸುಕಾಗುವುದಿಲ್ಲ. 'ಮಾ ಮಾ ಮಾ' ಎನ್ನಿ, ಕೂಡಲೇ ಹಬೆ ಕಟ್ಟುತ್ತದೆ.

ಅವರ್ಗೀಯ ವ್ಯಂಜನಗಳಲ್ಲಿ ಸ, ಶ, ಷ ಗಳಿಗೂ ಬಾಗಿಲು ಬಿಗಿಯಾಗಿ ಮುಚ್ಚಬೇಕು, ಇಲ್ಲವಾದರೆ ಬಾಯಲ್ಲಿ ಗಾಳಿಯ ಒತ್ತಡ ಕೂಡುವುದಿಲ್ಲ. 'ತಂದೆ' ಎಂಬ ಸಣ್ಣ ಪದದಲ್ಲೇ ಬಾಗಿಲು ತಕಾರಕ್ಕೆ ಮುಚ್ಚಿ, ಅನುಸ್ವಾರಕ್ಕೆ ತೆರೆದು, ದಕಾರಕ್ಕೆ ಮತ್ತೆ ಮುಚ್ಚುತ್ತದೆ. ಇಷ್ಟೆಲ್ಲಾ ಕಣ್ಣು ಮಿಟುಕಿಸುವಷ್ಟರಲ್ಲಿ ನಡೆದುಹೋಗುತ್ತದೆ.

ಬಾಗಿಲು ಮುಚ್ಚದಿದ್ದರೆ ಏನಾಗುತ್ತದೆ? ಪ್ರತಿ ಸಾಲೂ ತನ್ನ ಐದನೆಯ ಅಕ್ಷರದ ಕಡೆಗೆ ಜಾರುತ್ತದೆ. 'ಬ' ಮಕಾರದಂತೆ, 'ದ' ನಕಾರದಂತೆ, 'ಡ' ಣಕಾರದಂತೆ ಕೇಳಿಸುತ್ತದೆ. ಪ, ತ, ಕ ಗಳು ಬಲಹೀನವಾಗುತ್ತವೆ. 'ಸ' ಹೇಳುವಾಗ ಮೂಗಿನಿಂದ ಗಾಳಿ ಸುಸ್ ಎಂದು ಹೊರಡುತ್ತದೆ. ಸ್ವರಗಳೂ ಮೂಗಿನಲ್ಲಿ ಮೊಳಗುತ್ತವೆ. ಗಾಳಿ ಬೇಗ ಖಾಲಿಯಾಗುವುದರಿಂದ ಮಗು ಎರಡು ಮೂರು ಪದಕ್ಕೊಮ್ಮೆ ಉಸಿರೆಳೆಯಬೇಕಾಗುತ್ತದೆ. ಕೆಲವರಿಗೆ ನೀರು, ಹಾಲು ಮೂಗಿನಿಂದ ಹೊರಬರುವುದೂ ಉಂಟು.

ಮುಚ್ಚದಿರುವುದಕ್ಕೆ ಮೂರು ಕಾರಣಗಳು

ಮೊದಲನೆಯದು, ರಚನೆಯ ಕೊರತೆ. ಅಂಗುಳ ಸೀಳಿರಬಹುದು ಅಥವಾ ಗಿಡ್ಡವಾಗಿರಬಹುದು. ಸೀಳುತುಟಿ ಅಥವಾ ಸೀಳು ಅಂಗುಳದೊಂದಿಗೆ ಹುಟ್ಟುವ ಮಕ್ಕಳು ಸುಮಾರು 700 ಜನನಕ್ಕೆ ಒಬ್ಬರು ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಸೀಳು ಅಂಗುಳವನ್ನು ಮಗುವಿಗೆ ಸುಮಾರು ಒಂದು ವರ್ಷವಾಗುವ ಹೊತ್ತಿಗೆ ಶಸ್ತ್ರಚಿಕಿತ್ಸೆಯಿಂದ ಕೂಡಿಸುತ್ತಾರೆ. ಆದರೂ ಕೆಲವು ಮಕ್ಕಳಲ್ಲಿ ಕೂಡಿಸಿದ ಅಂಗುಳ ಹಿಂಗೋಡೆಯವರೆಗೆ ತಲುಪುವುದಿಲ್ಲ. ಇನ್ನು ಕೆಲವರಲ್ಲಿ ಸೀಳು ಮೇಲ್ಪದರದ ಅಡಿಯಲ್ಲಿ ಅಡಗಿರುತ್ತದೆ: ಚರ್ಮ ಕೂಡಿದೆ, ಒಳಗಿನ ಸ್ನಾಯು ಕೂಡಿಲ್ಲ. ಇಂಥವರ ಕಿರುನಾಲಗೆ ಎರಡಾಗಿ ಸೀಳಿರಬಹುದು. ಶಾಲೆಗೆ ಬಂದ ಮೇಲೆ ಮಾತಿನಿಂದಲೇ ಇದು ಪತ್ತೆಯಾಗುವುದು ಹೆಚ್ಚು. ಗೆಡ್ಡೆಯ ಕಾರಣದಿಂದ ಅಂಗುಳದ ಭಾಗವನ್ನು ತೆಗೆಸಿಕೊಂಡ ದೊಡ್ಡವರೂ ಈ ಗುಂಪಿಗೆ ಸೇರುತ್ತಾರೆ.

ಎರಡನೆಯದು, ಚಲನೆಯ ಕೊರತೆ. ಅಂಗುಳದ ಉದ್ದ ಸಾಕಷ್ಟಿದೆ, ಆದರೆ ಅದನ್ನು ಎತ್ತುವ ನರ ಅಥವಾ ಸ್ನಾಯು ಕೆಲಸ ಮಾಡುತ್ತಿಲ್ಲ. ಪಾರ್ಶ್ವವಾಯು, ತಲೆಯ ಪೆಟ್ಟು, ಸೆರೆಬ್ರಲ್ ಪಾಲ್ಸಿ, ಮಯಸ್ತೇನಿಯಾ ಗ್ರೇವಿಸ್ ಮುಂತಾದವು ಇದಕ್ಕೆ ಕಾರಣವಾಗಬಹುದು.

ಮೂರನೆಯದು, ತಪ್ಪು ಕಲಿಕೆ. ಅಂಗುಳ ಸರಿಯಾಗಿದೆ, ಚಲನೆಯೂ ಸರಿಯಾಗಿದೆ, ಆದರೆ ಮಗು ಒಂದೆರಡು ಧ್ವನಿಗಳನ್ನು ಮಾತ್ರ ಮೂಗಿನಿಂದ ಹೊರಡಿಸುವುದನ್ನು ರೂಢಿ ಮಾಡಿಕೊಂಡಿದೆ. ಸಕಾರವೊಂದೇ ಮೂಗಿನಿಂದ ಬರುತ್ತದೆ, 'ಪ', 'ಟ' ಎಲ್ಲಾ ಸ್ಪಷ್ಟವಾಗಿವೆ ಎನ್ನುವಂಥ ಮಕ್ಕಳು ಇವರು.

ಈ ವಿಂಗಡಣೆ ಮುಖ್ಯ. ಮೂರನೆಯ ಗುಂಪಿಗೆ ಬೇಕಾದದ್ದು ಕಲಿಸುವಿಕೆ ಮಾತ್ರ. ಸಾಧನ ಬೇಡ, ಶಸ್ತ್ರಚಿಕಿತ್ಸೆಯೂ ಬೇಡ. ಮೊದಲ ಎರಡು ಗುಂಪುಗಳಿಗೆ ಎಷ್ಟು ಕಲಿಸಿದರೂ ಮುಚ್ಚಲಾಗದ ಬಾಗಿಲು ಮುಚ್ಚುವುದಿಲ್ಲ. ನಾವು 'ಬ' ಹತ್ತು ಸಲ ಹೇಳಿಸಿದ್ದು ಗಿಡ್ಡ ಅಂಗುಳದ ಹುಡುಗನಿಗೆ. ಅವನು ತನ್ನಿಂದಾಗುವುದನ್ನೆಲ್ಲಾ ಮಾಡುತ್ತಿದ್ದ. ತುಟಿಗಳನ್ನು ಸರಿಯಾಗಿಯೇ ಮುಚ್ಚುತ್ತಿದ್ದ. ಗಾಳಿ ಮೂಗಿನಿಂದ ಹೋಗುತ್ತಿತ್ತು.

ಬಾಯಿಯೊಳಗೆ ಕೂರುವ ಸಾಧನಗಳು

ಅಂಗುಳದ ರಂಧ್ರಕ್ಕೆ ಮುಚ್ಚಳ ಮಾಡುವ ಯೋಚನೆ ಹಳೆಯದು. 16ನೇ ಶತಮಾನದ ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರ್ವಾಸ್ ಪಾರೆ ಲೋಹದ ತಗಡಿಗೆ ಸ್ಪಂಜು ಜೋಡಿಸಿ ಅಂಗುಳದ ತೂತಿನಲ್ಲಿ ನಿಲ್ಲಿಸುವ ಸಾಧನವನ್ನು ವರ್ಣಿಸಿದ್ದಾನೆ. ಸ್ಪಂಜು ತೇವ ಹೀರಿ ಉಬ್ಬಿದಾಗ ತಗಡು ಕಚ್ಚಿಕೊಂಡು ನಿಲ್ಲುತ್ತಿತ್ತು. ಇಂದಿನ ಸಾಧನಗಳು ಹಲ್ಲಿನ ಸೆಟ್ಟಿಗೆ ಬಳಸುವ ಅಕ್ರಿಲಿಕ್‌ನಿಂದ ಆಗುತ್ತವೆ. ಇವುಗಳನ್ನು ದಂತವೈದ್ಯರಲ್ಲಿ ಕೃತಕ ಹಲ್ಲು, ಅಂಗುಳಗಳ ತಜ್ಞರಾದ ಪ್ರೊಸ್ತೊಡಾಂಟಿಸ್ಟ್‌ರು ವಾಕ್ ಚಿಕಿತ್ಸಕರ ಜೊತೆ ಕೂತು ಅಳತೆಗೆ ತಕ್ಕಂತೆ ತಯಾರಿಸುತ್ತಾರೆ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ವಸ್ತುವಲ್ಲ.

ಅಂಗುಳ ಎತ್ತುವ ಸಾಧನ. ಇದನ್ನು ಪ್ಯಾಲಟಲ್ ಲಿಫ್ಟ್ ಎನ್ನುತ್ತಾರೆ. ಗಟ್ಟಿ ಅಂಗುಳಕ್ಕೆ ಅಂಟಿ ಕೂರುವ ತೆಳು ತಟ್ಟೆ, ಅದನ್ನು ಹಲ್ಲುಗಳಿಗೆ ಹಿಡಿದಿಡುವ ತಂತಿ ಕೊಕ್ಕೆಗಳು, ಹಿಂದಕ್ಕೆ ಚಾಚಿದ ಒಂದು ಬಾಲ. ಆ ಬಾಲ ಮೃದು ಅಂಗುಳದ ಅಡಿಗೆ ಹೋಗಿ ಅದನ್ನು ಎತ್ತಿ ಹಿಡಿಯುತ್ತದೆ. ಅಂಗುಳ ಉದ್ದವಾಗಿದ್ದು ಚಲಿಸದವರಿಗೆ, ಅಂದರೆ ಎರಡನೆಯ ಗುಂಪಿನವರಿಗೆ ಇದು ಸಲ್ಲುತ್ತದೆ. ಗಿಬ್ಬನ್ಸ್ ಮತ್ತು ಬ್ಲೂಮರ್ ಎಂಬವರು 1958ರಲ್ಲಿ ಇಂಥ ಸಾಧನದ ಬಗ್ಗೆ ಪ್ರಕಟಿಸಿದ ಬರಹ ಈ ಕ್ಷೇತ್ರದಲ್ಲಿ ಮೊದಲಿನವುಗಳಲ್ಲಿ ಒಂದು. ಬಾಲವನ್ನು ಒಮ್ಮೆಗೇ ಪೂರ್ತಿ ಉದ್ದಕ್ಕೆ ಮಾಡಿದರೆ ವಾಕರಿಕೆ ಬರುತ್ತದೆ. ಆದ್ದರಿಂದ ಮೊದಲು ಬರೀ ತಟ್ಟೆಯನ್ನು ಕೆಲವು ದಿನ ಹಾಕಿಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ಬಾಲ ಸೇರಿಸುತ್ತಾರೆ. ತೀರಾ ಬಿಗಿಯಾದ ಅಂಗುಳವಿದ್ದರೆ ಅದು ಸಾಧನವನ್ನೇ ಕೆಳಕ್ಕೆ ತಳ್ಳುತ್ತದೆ. ಕೊಕ್ಕೆ ಹಿಡಿಯಲು ಗಟ್ಟಿ ಹಲ್ಲುಗಳೂ ಬೇಕು.

ಮಾತಿನ ಗುಂಡು. ಸ್ಪೀಚ್ ಬಲ್ಬ್ ಎಂದು ಕರೆಯುವ ಇದು ಗಿಡ್ಡ ಅಂಗುಳದವರಿಗೆ, ಅಂಗುಳದ ಹಿಂಭಾಗವೇ ಇಲ್ಲದವರಿಗೆ. ತಟ್ಟೆ, ಕೊಕ್ಕೆ, ಬಾಲ ಮೇಲಿನಂತೆಯೇ. ಬಾಲದ ತುದಿಯಲ್ಲಿ ಅಕ್ರಿಲಿಕ್ ಗುಂಡು ಇರುತ್ತದೆ. ಅದು ಅಂಗುಳವನ್ನು ದಾಟಿ ಗಂಟಲಿನ ಮೇಲ್ಭಾಗದಲ್ಲಿ ಉಳಿದಿರುವ ತೆರಪನ್ನು ತುಂಬುತ್ತದೆ. ಮಾತಾಡುವಾಗ ಪಕ್ಕದ ಗೋಡೆಗಳು ಒಳಸರಿದು ಗುಂಡನ್ನು ಮುಟ್ಟಿದರೆ ಮೂಗಿನ ದಾರಿ ಮುಚ್ಚುತ್ತದೆ. ಗೋಡೆಗಳು ಸಡಿಲಾದಾಗ ಗುಂಡಿನ ಪಕ್ಕದಲ್ಲಿ ಜಾಗ ಬಿಡುತ್ತದೆ, ಉಸಿರೂ ಆಡುತ್ತದೆ, 'ಮ', 'ನ' ಗಳೂ ಬರುತ್ತವೆ. ಗುಂಡು ದೊಡ್ಡದಾದರೆ ಉಸಿರು ಕಟ್ಟಿದಂತಾಗಿ 'ಅಮ್ಮ' ಎಂಬುದು 'ಅಬ್ಬ' ಎಂದಾಗುತ್ತದೆ. ಚಿಕ್ಕದಾದರೆ 'ಬಾಳೆ' 'ಮಾಳೆ'ಯಾಗಿಯೇ ಉಳಿಯುತ್ತದೆ. ಹಾಗಾಗಿ ಮಗುವಿನಿಂದ ಮಾತಾಡಿಸುತ್ತಾ, ಮೂಗಿನ ಮೂಲಕ ಇಳಿಸಿದ ಸಣ್ಣ ದರ್ಶಕದಲ್ಲಿ ನೋಡುತ್ತಾ ಗುಂಡನ್ನು ತಿದ್ದುವುದೇ ಸರಿಯಾದ ಕ್ರಮ.

ರಂಧ್ರ ಮುಚ್ಚುವ ತಟ್ಟೆ. ಶಸ್ತ್ರಚಿಕಿತ್ಸೆಯ ನಂತರವೂ ಗಟ್ಟಿ ಅಂಗುಳದಲ್ಲಿ ತೂತು ಉಳಿದಿದ್ದರೆ ಅದನ್ನು ಮುಚ್ಚುವ ಸರಳ ತಟ್ಟೆ ಇದು. ಮೃದು ಅಂಗುಳದ ಚಲನೆಗೆ ಇದರಿಂದ ನೇರ ನೆರವಿಲ್ಲ, ಆದರೆ ಗಾಳಿ ಎಲ್ಲಿಂದ ಸೋರುತ್ತಿದೆ ಎಂಬುದನ್ನು ಬೇರ್ಪಡಿಸಿ ತಿಳಿಯಲು ನೆರವಾಗುತ್ತದೆ.

ಶಸ್ತ್ರಚಿಕಿತ್ಸೆ ಇರುವಾಗ ಸಾಧನ ಏಕೆ ಎಂಬ ಪ್ರಶ್ನೆ ಬರುತ್ತದೆ. ಅನೇಕರಿಗೆ ಶಸ್ತ್ರಚಿಕಿತ್ಸೆಯೇ ಶಾಶ್ವತ ಪರಿಹಾರ. ಆದರೆ ಅರಿವಳಿಕೆ ತಾಳಲಾರದವರು, ಶಸ್ತ್ರಚಿಕಿತ್ಸೆಗೆ ಕಾಯಬೇಕಾದವರು, ನರದೋಷದಿಂದ ಅಂಗುಳ ಅಲ್ಲಾಡದವರು, ಆಗಲೇ ಶಸ್ತ್ರಚಿಕಿತ್ಸೆ ಆಗಿಯೂ ಫಲ ಸಾಲದವರು ಇದ್ದಾರೆ. ಅವರಿಗೆ ಸಾಧನ ದಾರಿಯಾಗುತ್ತದೆ. ಬೇಡವೆನಿಸಿದರೆ ತೆಗೆಯಬಹುದು, ಬೇಕಾದಂತೆ ತಿದ್ದಬಹುದು ಎಂಬುದು ಅದರ ಅನುಕೂಲ. ಮಕ್ಕಳು ಬೆಳೆದಂತೆ, ಹಾಲುಹಲ್ಲು ಬಿದ್ದಂತೆ ಹೊಸದಾಗಿ ಮಾಡಿಸಬೇಕಾಗುವುದು ಅದರ ಅನಾನುಕೂಲ.

ಗಾಳಿಯ ಎದುರು ವ್ಯಾಯಾಮ

ನಿದ್ದೆಯಲ್ಲಿ ಉಸಿರು ಕಟ್ಟುವವರು ಮೂಗಿಗೆ ಹಾಕಿಕೊಳ್ಳುವ ಸಿಪ್ಯಾಪ್ ಯಂತ್ರವನ್ನು ಕೆಲವರು ನೋಡಿರಬಹುದು. ಅಮೆರಿಕದ ಡೇವಿಡ್ ಕ್ಯೂನ್ ಅವರು 1991ರಲ್ಲಿ ಇದನ್ನು ಮಾತಿನ ಚಿಕಿತ್ಸೆಗೆ ಬಳಸುವ ಕ್ರಮವನ್ನು ಪ್ರಕಟಿಸಿದರು. ಯಂತ್ರ ಮೂಗಿನ ಮೂಲಕ ಗಾಳಿಯನ್ನು ಒಳಕ್ಕೆ ಒತ್ತುತ್ತದೆ. ಆ ಒತ್ತಡಕ್ಕೆ ಎದುರಾಗಿ ಮೃದು ಅಂಗುಳ ಏಳಬೇಕು. ಭಾರ ಎತ್ತಿ ತೋಳಿನ ಸ್ನಾಯು ಬಲಪಡಿಸಿಕೊಳ್ಳುವ ತತ್ವವೇ ಇಲ್ಲೂ. ವಾರಕ್ಕೆ 6 ದಿನ, 8 ವಾರ. ಮೊದಲ ವಾರ ದಿನಕ್ಕೆ 10 ನಿಮಿಷದಿಂದ ಆರಂಭಿಸಿ ಕೊನೆಯ ವಾರ 24 ನಿಮಿಷಕ್ಕೆ ಒಯ್ಯುತ್ತಾರೆ. ಗಾಳಿಯ ಒತ್ತಡವನ್ನೂ ಹಂತಹಂತವಾಗಿ ಏರಿಸುತ್ತಾರೆ.

ಇದರಲ್ಲಿ ಹೇಳಿಸುವ ಪದಗಳ ರಚನೆ ಕನ್ನಡ ಶಿಕ್ಷಕರಿಗೆ ಕುತೂಹಲದ್ದು. ಅನುನಾಸಿಕದ ಬೆನ್ನಿಗೇ ಒತ್ತಡದ ವ್ಯಂಜನ ಬರಬೇಕು, ಆಗ ಇಳಿದ ಅಂಗುಳ ಥಟ್ಟನೆ ಏಳಬೇಕಾಗುತ್ತದೆ. ನಮ್ಮ ಅನುಸ್ವಾರದ ಪದಗಳೆಲ್ಲಾ ಹೆಚ್ಚುಕಡಿಮೆ ಇದೇ ಬಗೆಯವು: ಅಂಗಿ, ಮಂಚ, ಅಂಟು, ತಂದೆ, ಕಂಬ.

ಅಂಗುಳ ಚಲಿಸುತ್ತಿದ್ದು, ಉಳಿಯುವ ತೆರಪು ಸಣ್ಣದಾಗಿರುವವರಿಗೆ ಈ ಕ್ರಮ. ದೊಡ್ಡ ತೆರಪಿಗೆ ಇದು ಆಗದು. ಪ್ರಯತ್ನಿಸಿದವರೆಲ್ಲರಿಗೂ ಒಂದೇ ಮಟ್ಟದ ಫಲ ಸಿಕ್ಕಿಲ್ಲ. ತಜ್ಞರ ಮೇಲ್ವಿಚಾರಣೆ ಇಲ್ಲದೆ ಮಾಡುವಂಥದ್ದೂ ಅಲ್ಲ.

ಮಾತನ್ನು ಕಣ್ಣಿಗೆ ಕಾಣಿಸುವ ಸಾಧನಗಳು

ಇನ್ನೊಂದು ಬಗೆಯ ಸಾಧನಗಳು ಬಾಗಿಲನ್ನು ಮುಚ್ಚುವುದಿಲ್ಲ, ಅದು ಮುಚ್ಚಿತೋ ಇಲ್ಲವೋ ಎಂದು ತೋರಿಸುತ್ತವೆ. ಮೇಲೆ ಹೇಳಿದ ಕನ್ನಡಿ ಇವುಗಳಲ್ಲಿ ಅತ್ಯಂತ ಅಗ್ಗದ್ದು. ಸ್ವಚ್ಛವಾದ ರಬ್ಬರ್ ಕೊಳವೆಯ ಒಂದು ತುದಿಯನ್ನು ಮೂಗಿನ ಹೊಳ್ಳೆಯ ಬಳಿ, ಇನ್ನೊಂದನ್ನು ಮಗುವಿನದೇ ಕಿವಿಯ ಬಳಿ ಹಿಡಿದರೆ ಮೂಗಿನ ಗಾಳಿಯ ಸದ್ದು ಮಗುವಿಗೇ ದೊಡ್ಡದಾಗಿ ಕೇಳಿಸುತ್ತದೆ. ಸೀ-ಸ್ಕೇಪ್ ಎಂಬ ಸಾಧನದಲ್ಲಿ ಕೊಳವೆಯ ಇನ್ನೊಂದು ತುದಿ ನೆಟ್ಟಗೆ ನಿಂತ ಪಾರದರ್ಶಕ ನಳಿಗೆಗೆ ಸೇರಿರುತ್ತದೆ. ಮೂಗಿನಿಂದ ಗಾಳಿ ಬಂದರೆ ನಳಿಗೆಯೊಳಗಿನ ಹಗುರವಾದ ಫೋಮ್ ತುಂಡು ಮೇಲೇಳುತ್ತದೆ.

ಆಸ್ಪತ್ರೆಗಳಲ್ಲಿ ನೇಸೋಮೀಟರ್ ಇರುತ್ತದೆ. ಮೂಗಿಗೂ ಬಾಯಿಗೂ ನಡುವೆ ಅಡ್ಡ ಹಿಡಿದ ತಟ್ಟೆಯ ಮೇಲೊಂದು, ಕೆಳಗೊಂದು ಮೈಕ್ರೊಫೋನು. ಮೂಗಿನ ಧ್ವನಿಯ ಶಕ್ತಿಯನ್ನು ಮೂಗು ಮತ್ತು ಬಾಯಿ ಎರಡರ ಒಟ್ಟು ಶಕ್ತಿಯಿಂದ ಭಾಗಿಸಿ ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ. ಇದು ಭಾಷೆಯಿಂದ ಭಾಷೆಗೆ ಬದಲಾಗುವುದರಿಂದ ಇಂಗ್ಲಿಷಿನ ಅಂಕಗಳನ್ನು ಕನ್ನಡಕ್ಕೆ ಹಾಗೆಯೇ ಬಳಸಲಾಗದು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕನ್ನಡ ಮಾತಿನ ಸಾಮಾನ್ಯ ಅಂಕಗಳನ್ನು ಗೊತ್ತುಪಡಿಸುವ ಅಧ್ಯಯನ ನಡೆದಿದೆ. ಬಾಯಿ ಮತ್ತು ಮುಖದ ರಚನಾ ದೋಷವಿರುವವರಿಗೆಂದೇ ಅಲ್ಲಿ ಪ್ರತ್ಯೇಕ ಘಟಕವೂ ಇದೆ.

ಸಾಧನ ಮಾಡದ ಕೆಲಸ

ಈಗ ನಾಲ್ಕನೆಯ ತರಗತಿಯ ಹುಡುಗನ ಬಳಿಗೆ ಮರಳೋಣ. ಅವನು ಎಳೆಗೂಸಾಗಿದ್ದಾಗ ಅಂಗುಳದ ಶಸ್ತ್ರಚಿಕಿತ್ಸೆ ಆಗಿತ್ತೆಂಬುದು ತರಗತಿ ಶಿಕ್ಷಕರು ತಾಯಿಯನ್ನು ಕರೆಸಿ ಮಾತಾಡಿದ ಮೇಲೆ ತಿಳಿಯಿತು. ಶಾಲಾ ಆರೋಗ್ಯ ತಂಡದ ಮೂಲಕ ಅವನನ್ನು ಕಳುಹಿಸಲಾಯಿತು. ಪರೀಕ್ಷೆಯಲ್ಲಿ ಅಂಗುಳ ಗಿಡ್ಡವಿದೆಯೆಂದು ಗೊತ್ತಾಗಿ, ಎರಡನೆಯ ಶಸ್ತ್ರಚಿಕಿತ್ಸೆಯ ತೀರ್ಮಾನವಾಗುವವರೆಗೆ ಗುಂಡಿನ ಸಾಧನ ಮಾಡಿಕೊಟ್ಟರು.

ಸಾಧನ ಹಾಕಿಕೊಂಡು ಶಾಲೆಗೆ ಬಂದಾಗ 'ಬಾಳೆ' ಬಹುಮಟ್ಟಿಗೆ ಬಾಳೆಯೇ ಆಗಿತ್ತು. ಎಲ್ಲರಿಗೂ ಸಂತೋಷ. ಆದರೆ 'ಕಾಗೆ' ಮೊದಲಿನಂತೆಯೇ ಇತ್ತು. ಇನ್ನೂ ಗಂಟಲಲ್ಲೇ ತಡೆಯುತ್ತಿತ್ತು. "ಅಷ್ಟು ಕಷ್ಟಪಟ್ಟು ಮಾಡಿಸಿದ್ದು ದಂಡವಾಯ್ತಾ, ಮೇಡಂ?" ಎಂದು ತಾಯಿ ಕೇಳಿದರಂತೆ.

ದಂಡವಾಗಿರಲಿಲ್ಲ. ಬಕಾರಕ್ಕೆ ಅವನು ತುಟಿಯನ್ನು ಸರಿಯಾದ ಜಾಗದಲ್ಲೇ ಮುಚ್ಚುತ್ತಿದ್ದ. ಕೊರತೆಯಿದ್ದುದು ಗಾಳಿಯ ಒತ್ತಡದ್ದು. ಗುಂಡು ಆ ಕೊರತೆ ತುಂಬಿದ ಕೂಡಲೇ 'ಬ' ಬಂತು. ಕಕಾರದ ಕಥೆ ಬೇರೆ. ಬಾಯಲ್ಲಿ ಗಾಳಿ ಹಿಡಿಯಲಾಗದ ಮಗು, ಗಾಳಿ ಇರುವ ಜಾಗದಲ್ಲೇ, ಅಂದರೆ ಅಂಗುಳಕ್ಕಿಂತ ಕೆಳಗೆ ಗಂಟಲಲ್ಲೇ ಧ್ವನಿಯನ್ನು ತಡೆದು ಮಾಡಲು ಕಲಿತುಬಿಡುತ್ತದೆ. ಅದು ಬುದ್ಧಿವಂತ ಉಪಾಯ, ಆದರೆ ರೂಢಿಯಾಗಿಬಿಡುತ್ತದೆ. ಬಾಗಿಲು ಮುಚ್ಚಿದರೂ ನಾಲಗೆ ತನ್ನ ಜಾಗಕ್ಕೆ ತಾನಾಗಿ ಹೋಗುವುದಿಲ್ಲ. ನಾಲಗೆಯ ಹಿಂಭಾಗವನ್ನು ಅಂಗುಳಕ್ಕೆ ತಾಗಿಸಿ ಕಕಾರ ಮಾಡುವುದನ್ನು ವಾಕ್ ಚಿಕಿತ್ಸಕರು ಹೊಸದಾಗಿ ಕಲಿಸಬೇಕು, ಮನೆ ಮತ್ತು ಶಾಲೆ ಅದನ್ನು ಅಭ್ಯಾಸ ಮಾಡಿಸಬೇಕು. ಸಾಧನ ರಚನೆಯನ್ನು ಸರಿಮಾಡುತ್ತದೆ, ರೂಢಿಯನ್ನಲ್ಲ. ನಾವು ಮೊದಲು ಬರೆದಿದ್ದ ಪುನರಾವರ್ತನೆಗೆ ಅರ್ಥ ಬಂದದ್ದು ಈಗ, ಅದೂ ಚಿಕಿತ್ಸಕರು ಗೊತ್ತುಮಾಡಿದ ಧ್ವನಿಗೆ, ಅವರು ತೋರಿಸಿದ ಕ್ರಮದಲ್ಲಿ.

ಪೀಪಿ, ಬಲೂನುಗಳಿಗೆ ಆಗಲೂ ಅರ್ಥವಿರಲಿಲ್ಲ. ಊದುವಾಗ ಅಂಗುಳ ಮುಚ್ಚುವ ಬಗೆ ಬೇರೆ, ಮಾತಾಡುವಾಗ ಮುಚ್ಚುವ ಬಗೆ ಬೇರೆ. ಊದುವುದನ್ನು ಎಷ್ಟು ಅಭ್ಯಾಸ ಮಾಡಿದರೂ ಅದು ಮಾತಿಗೆ ಸಾಗುವುದಿಲ್ಲ ಎಂಬುದು ಈ ಕ್ಷೇತ್ರದಲ್ಲಿ ದಶಕಗಳಿಂದ ಒಪ್ಪಿತವಾದ ವಿಷಯ. ಆದರೂ ನಮ್ಮ ಪರಿಹಾರ ಬೋಧನೆಯ ಪಟ್ಟಿಗಳಲ್ಲಿ ಅದು ಇಂದಿಗೂ ಬರುತ್ತಿದೆ. ಮಗುವಿನ ಸಮಯ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, 'ಇಷ್ಟು ಮಾಡಿದರೂ ನನಗೆ ಬರಲಿಲ್ಲ' ಎಂಬ ಭಾವನೆ ಉಳಿಯುತ್ತದೆ.

ತರಗತಿಯಲ್ಲಿ ನಮ್ಮ ಕೆಲಸ

ರೋಗನಿರ್ಣಯ ನಮ್ಮ ಕೆಲಸವಲ್ಲ. ಗಮನಿಸುವುದು, ಬರೆದಿಡುವುದು, ಕಳುಹಿಸುವುದು ನಮ್ಮ ಕೆಲಸ. ಪ್ರಶಿಕ್ಷಣಾರ್ಥಿಗಳು ವೀಕ್ಷಣಾ ಪುಸ್ತಕದಲ್ಲಿ ಈ ಅಂಶಗಳನ್ನು ದಾಖಲಿಸಬಹುದು.

1. ಅನುನಾಸಿಕವಿಲ್ಲದ ವಾಕ್ಯವೊಂದನ್ನು ಮಗುವಿನಿಂದ ಸಹಜವಾಗಿ ಹೇಳಿಸಿ: 'ಅಪ್ಪ ಪೇಟೆಗೆ ಹೋದ', 'ಪುಟ್ಟ ತಟ್ಟೆ ಕೊಟ್ಟ', 'ಗೀತಾ ಬಿಸಿ ದೋಸೆ ಕೇಳಿದಳು'. ಆಮೇಲೆ ಮಗು ತನ್ನ ಮೂಗನ್ನು ತಾನೇ ಬೆರಳಿಂದ ಹಿಡಿದುಕೊಂಡು ಅದನ್ನೇ ಹೇಳಲಿ. ಬಾಗಿಲು ಸರಿಯಾಗಿ ಮುಚ್ಚುವ ಮಗುವಿನಲ್ಲಿ ಎರಡೂ ಒಂದೇ ರೀತಿ ಕೇಳಿಸುತ್ತವೆ. ಸ್ಪಷ್ಟ ವ್ಯತ್ಯಾಸವಿದ್ದರೆ ಬರೆದುಕೊಳ್ಳಿ. ಇದನ್ನು ಒಬ್ಬ ಮಗುವಿನೊಂದಿಗೆ ಮಾತ್ರ, ಬೇರೆಯವರೆದುರಲ್ಲದೆ ಮಾಡಿ.

2. 'ಅಮ್ಮನ ಮನೆ ನಮ್ಮ ಮನೆ' ಎಂಬಂಥ ವಾಕ್ಯ ಹೇಳಿಸಿ. ಇದು 'ಅಬ್ಬ', 'ಬದೆ' ಎಂಬಂತೆ ಕೇಳಿಸಿದರೆ ತೊಂದರೆ ಇದಕ್ಕೆ ತದ್ವಿರುದ್ಧ: ನೆಗಡಿಯಿಂದಲೋ ಗಂಟಲ ಮೇಲಿನ ಅಡಿನಾಯ್ಡ್ ಗ್ರಂಥಿ ಊದಿರುವುದರಿಂದಲೋ ಮೂಗು ಕಟ್ಟಿದೆ.

3. ಎಲ್ಲಾ ಧ್ವನಿಗಳಲ್ಲೂ ತೊಂದರೆಯೋ, ಒಂದೆರಡರಲ್ಲೋ? ನೀರು ಕುಡಿಯುವಾಗ ಮೂಗಿನಿಂದ ಬರುತ್ತದೆಯೋ? ಮಾತಾಡುವಾಗ ಮೂಗು ಸುಕ್ಕುಗಟ್ಟಿಸುತ್ತದೆಯೋ?

4. ಕಿವಿ ಚೆನ್ನಾಗಿ ಕೇಳಿಸುತ್ತದೆಯೋ? ಮೃದು ಅಂಗುಳದ ಸ್ನಾಯುಗಳೇ ನಡುಗಿವಿಗೆ ಗಾಳಿ ಹೋಗುವ ನಾಳವನ್ನು ತೆರೆಯುವುದರಿಂದ ಸೀಳು ಅಂಗುಳದ ಮಕ್ಕಳಲ್ಲಿ ಕಿವಿಯ ತೊಂದರೆ ಬಹಳ ಸಾಮಾನ್ಯ.

ಬಾಯಿಯೊಳಗೆ ಬೆರಳು, ಚಮಚ ಹಾಕಿ ನೋಡುವುದು ಬೇಡ. ದಾಖಲೆಯನ್ನು ತರಗತಿ ಶಿಕ್ಷಕರಿಗೆ, ಮುಖ್ಯ ಶಿಕ್ಷಕರಿಗೆ ಒಪ್ಪಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಜಾರಿಯಲ್ಲಿದೆ. 18 ವರ್ಷದವರೆಗಿನ ಮಕ್ಕಳಲ್ಲಿ ಗುರುತಿಸಬೇಕಾದ ದೋಷಗಳ ಅದರ ಪಟ್ಟಿಯಲ್ಲಿ ಸೀಳುತುಟಿ ಮತ್ತು ಸೀಳು ಅಂಗುಳವೂ ಸೇರಿವೆ. ಅದರ ತಂಡ ಶಾಲೆಗೆ ಬರುವ ದಿನ ಆ ಮಗು ಗೈರುಹಾಜರಾಗದಂತೆ ನೋಡಿಕೊಳ್ಳುವುದೇ ಒಂದು ದೊಡ್ಡ ಸಹಾಯ. ತಾಲ್ಲೂಕಿನ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರಿಗೂ ತಿಳಿಸಬೇಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಹೆಸರಿಸುವ 21 ಬಗೆಯ ಅಂಗವೈಕಲ್ಯಗಳಲ್ಲಿ ವಾಕ್ ಮತ್ತು ಭಾಷಾ ವೈಕಲ್ಯವೂ ಒಂದು.

ಸಾಧನ ಹಾಕಿಕೊಂಡ ಮಗು ತರಗತಿಯಲ್ಲಿದ್ದರೆ ಕೆಲವು ಸಣ್ಣ ಸಂಗತಿಗಳು ಮುಖ್ಯವಾಗುತ್ತವೆ. ಬಿಸಿಯೂಟದ ಹೊತ್ತಿನಲ್ಲಿ ತೆಗೆಯಬೇಕೋ ಹಾಕಿಕೊಂಡೇ ಉಣ್ಣಬೇಕೋ ಎಂಬುದನ್ನು ಮನೆಯವರಿಂದ ಕೇಳಿ ತಿಳಿಯಿರಿ. ತೆಗೆಯುವುದಾದರೆ ಮುಚ್ಚಳವಿರುವ ಡಬ್ಬಿಯಲ್ಲೇ ಇಡಬೇಕು. ಕಾಗದದಲ್ಲಿ ಸುತ್ತಿ ಪಕ್ಕದಲ್ಲಿಟ್ಟರೆ ಅದು ಕಸದ ಬುಟ್ಟಿ ಸೇರುವುದು ಖಂಡಿತ. ತೊಳೆಯಲು ತಣ್ಣೀರು ಸಾಕು, ಬಿಸಿನೀರಿಗೆ ಅಕ್ರಿಲಿಕ್ ಸೊಟ್ಟಗಾಗುತ್ತದೆ. ತಂತಿ ಬಾಗಿದರೆ ನಾವು ನೆಟ್ಟಗೆ ಮಾಡಲು ಹೋಗಬಾರದು. ಮಗು ಅದನ್ನು ಪದೇ ಪದೇ ತೆಗೆದಿಡುತ್ತಿದ್ದರೆ ಗದರುವ ಮೊದಲು ಎಲ್ಲಿ ನೋಯುತ್ತದೆ ಎಂದು ಕೇಳಿ. ಹಲ್ಲು ಬಿದ್ದಿರಬಹುದು, ಬಾಯಿ ಬೆಳೆದು ಅಳತೆ ತಪ್ಪಿರಬಹುದು. ಪೋಷಕರಿಗೆ ಸುದ್ದಿ ಮುಟ್ಟಿಸಿ.

ಕೊನೆಯದಾಗಿ ಮೌಲ್ಯಮಾಪನ. ಗಟ್ಟಿ ಓದಿನ ಅಂಕಪಟ್ಟಿಯಲ್ಲಿ ನಾವು 'ಸ್ಪಷ್ಟ ಉಚ್ಚಾರಣೆ', 'ನಿರರ್ಗಳತೆ', 'ಗ್ರಹಿಕೆ' ಎಂದು ಬರೆಯುತ್ತೇವೆ, ಆದರೆ ಕಿವಿಗೆ ಬೀಳುವ ಮೊದಲನೆಯದೇ ಉಳಿದ ಎರಡನ್ನೂ ತೀರ್ಮಾನಿಸಿಬಿಡುತ್ತದೆ. ಆ ಹುಡುಗನಿಗೆ 'ಬಾಳೆ', 'ಮಾಳೆ' ಎಂಬ ಪದಗಳ ಕಾರ್ಡುಗಳನ್ನು ಕೊಟ್ಟು, ಪ್ರಶಿಕ್ಷಣಾರ್ಥಿ ಹೇಳಿದ್ದನ್ನು ತೋರಿಸಲು ಹೇಳಿದಾಗ ಒಂದೂ ತಪ್ಪಲಿಲ್ಲ. ಉಕ್ತಲೇಖನದಲ್ಲಿ ಬಕಾರ, ಮಕಾರಗಳು ಅದಲುಬದಲಾಗಲಿಲ್ಲ. ಅವನು ಚೆನ್ನಾಗಿ ಓದಬಲ್ಲವನಾಗಿದ್ದ. ಅದುವರೆಗಿನ ಓದಿನ ಕಾಲಮ್ಮಿನಲ್ಲಿ ಅವನಿಗೆ ಸಿಕ್ಕಿದ್ದ ಶ್ರೇಣಿ ಅವನ ಅಂಗುಳದ ಶ್ರೇಣಿಯಾಗಿತ್ತು, ಓದಿನದಲ್ಲ. ಇಂಥ ಮಗುವಿನ ಓದನ್ನು ಅಳೆಯಲು ಮೌನ ಓದು, ಪದ ತೋರಿಸುವುದು, ಉಕ್ತಲೇಖನ, ಬರೆದು ಉತ್ತರಿಸುವುದು ಮುಂತಾದ ದಾರಿಗಳನ್ನು ಪಾಠಯೋಜನೆಯಲ್ಲೇ ಸೇರಿಸಬೇಕು. ಗಟ್ಟಿ ಓದಿನ ಸರದಿಯಿಂದ ಅವನನ್ನು ಹೊರಗಿಡುವುದು ಪರಿಹಾರವಲ್ಲ. ಜೊತೆಗಾರನೊಂದಿಗೆ ಸೇರಿ ಓದುವ ಅವಕಾಶ ಕೊಡಬಹುದು.

ಆ ವರ್ಷದಿಂದ ಪಾಠಯೋಜನೆಗಳಿಗೆ ಸಹಿ ಹಾಕುವಾಗ ಉಚ್ಚಾರಣೆಯ ಪರಿಹಾರ ಬೋಧನೆ ಎಂಬ ಸಾಲು ಕಂಡಲ್ಲಿ ನಾನು ಅಂಚಿನಲ್ಲಿ ಒಂದು ಪ್ರಶ್ನೆ ಬರೆಯುತ್ತೇನೆ: 'ಈ ಮಗುವಿಗೆ ಇದು ಬಾರದಿರುವುದೋ, ಆಗದಿರುವುದೋ?' ಬಾರದಿದ್ದರೆ ಕಲಿಸೋಣ. ಆಗದಿದ್ದರೆ ಮೊದಲು ಆಗುವಂತೆ ಮಾಡಬಲ್ಲವರ ಬಳಿಗೆ ಕಳುಹಿಸೋಣ, ಆಮೇಲೆ ಕಲಿಸೋಣ.